ಪಟ್ಟಿಯಲ್ಲಿ ಚೆನ್ನಪ್ಪನವರ ಹೆಸರು

ನಮ್ಮ ಬೇಸ್‌ಮೆಂಟಿನಲ್ಲಿ ಹದಿಮೂರು ವರ್ಷ ಬಾಡಿಗೆಗಿದ್ದ ಚೆನ್ನಪ್ಪನವರು ಅಮೆರಿಕದ ಅಂತರ್ಯುದ್ಧದಲ್ಲಿ ಒಂಬತ್ತು ವರ್ಷ ಹೋರಾಡಿದವರು. ಆ ಯುದ್ಧ ನಡೆದದ್ದೇ ನಾಲ್ಕು ವರ್ಷ, ಅದೂ ನೂರಮೂವತ್ತು ವರ್ಷದ ಹಿಂದೆ ಎಂದು ಯಾರಾದರೂ ತಪ್ಪು ಹುಡುಕಿದರೆ ಅವರಿಗೆ ಬೇಸರವೇನೂ ಆಗುತ್ತಿರಲಿಲ್ಲ. “ನಂದು ಶನಿವಾರ, ಆದಿತ್ಯವಾರ ಮಾತ್ರ ಅಲ್ವಾ, ಹಾಗಾಗಿ ಸಮಯ ಜಾಸ್ತಿ ಹಿಡೀತು” ಎನ್ನುತ್ತಿದ್ದರು. ಮುಖದಲ್ಲಿ ನಗುವಿನ ಸುಳಿವೂ ಇರುತ್ತಿರಲಿಲ್ಲ.

ಅವರು ಮತ್ತು ಅವರ ಹೆಂಡತಿ ಕೊರಪ್ಪೊಳು ಎಟೋಬಿಕೋಕ್‌ನ ನಮ್ಮ ಮನೆಗೆ ಬಂದದ್ದು ತೊಂಬತ್ತಮೂರರಲ್ಲಿ. ಕಾರ್ಕಳದ ಕಡೆಯವರು. ಮಂಗಳೂರಿನಲ್ಲಿ ಟೈಲರ್ ಆಗಿದ್ದು, ಮಸ್ಕತ್‌ನಲ್ಲಿ ಎಂಟು ವರ್ಷ ಹೊಲಿದು, ಆಮೇಲೆ ಇಲ್ಲಿಗೆ ಬಂದು ಲೇಕ್ ಶೋರ್ ರಸ್ತೆಯ ಒಂದು ಡ್ರೈ ಕ್ಲೀನರ್ಸ್ ಅಂಗಡಿಯಲ್ಲಿ ಬಟ್ಟೆ ಸರಿಮಾಡುವ ಕೆಲಸಕ್ಕೆ ಸೇರಿದ್ದರು. ಮನೆ ನೋಡಲು ಬಂದ ದಿನ ನನ್ನ ಗಂಡ ರಾಮಮೂರ್ತಿಯನ್ನು ತಲೆಯಿಂದ ಕಾಲಿನವರೆಗೆ ನೋಡಿ, “ನಿಮ್ಮ ಎಡಗಡೆ ಭುಜ ಸ್ವಲ್ಪ ಇಳಿದುಂಟು. ನಿಮ್ಮ ಟೈಲರ್ ಅದನ್ನು ಗಮನಿಸ್ಲಿಲ್ಲ” ಎಂದರು. ನಾನು ಹದಿನಾರು ವರ್ಷ ಸಂಸಾರ ಮಾಡಿದ್ದೆ, ನನಗೂ ಗೊತ್ತಿರಲಿಲ್ಲ. ಅಳೆದು ನೋಡಿದರೆ ನಿಜ. ಅವತ್ತೇ ಬೇಸ್‌ಮೆಂಟಿನ ಬೀಗದಕೈ ಕೊಟ್ಟೆ.

ಅವರಿಗೆ ಜೀವನದಲ್ಲಿ ಒಂದೇ ಒಂದು ಕೊರಗು. ಹದಿನೆಂಟನೆಯ ವಯಸ್ಸಿನಲ್ಲಿ ಸೈನ್ಯಕ್ಕೆ ಸೇರಲು ಹೋಗಿದ್ದರಂತೆ. ಓಟದಲ್ಲಿ ಮೊದಲಿಗರು, ಹಗ್ಗ ಹತ್ತುವುದರಲ್ಲಿ ಎರಡನೆಯವರು. ಎದೆಯಳತೆಗೆ ನಿಂತಾಗ, ಉಸಿರು ತುಂಬಿಸಿ ಉಬ್ಬಿಸಿದರೂ ಒಂದು ಇಂಚು ಕಡಿಮೆ. ಪಟ್ಟಿಯಲ್ಲಿ ಹೆಸರು ಹೊಡೆದು ಹಾಕಿ ಸಾಲಿನಿಂದ ಹೊರಗೆ ಕಳಿಸಿದರು. ಆಮೇಲೆ ಪೊಲೀಸರಿಗೆ, ಶಾಲೆಮಕ್ಕಳಿಗೆ, ಮಸ್ಕತ್‌ನ ಕಾವಲುಗಾರರಿಗೆ ಇಪ್ಪತ್ತು ವರ್ಷ ಸಮವಸ್ತ್ರ ಹೊಲಿದರು. “ಹೊಲಿದದ್ದಕ್ಕೆ ಲೆಕ್ಕ ಇಲ್ಲ ಶೈಲಜಕ್ಕ. ಹಾಕಿದ್ದು ಒಂದೂ ಇಲ್ಲ” ಎಂದು ಒಮ್ಮೆ ಹೇಳಿದರು. ಅದನ್ನು ದುಃಖದಿಂದ ಹೇಳಲಿಲ್ಲ, ಬಾಕಿಯಿರುವ ಕೆಲಸದ ಹಾಗೆ ಹೇಳಿದರು.

ತೊಂಬತ್ತೈದರಲ್ಲಿ ಅಂಗಡಿಗೆ ಒಬ್ಬ ಗಿರಾಕಿ ನೀಲಿ ಉಣ್ಣೆಯ ಕೋಟೊಂದನ್ನು ತಂದ. ತೋಳು ಹರಿದಿತ್ತು. ಹೆಸರು ಗಾರ್ಡನ್, ಪೋರ್ಟ್ ಕ್ರೆಡಿಟ್ ಕಡೆ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟರು. ಆ ಕೋಟು ಅಂತರ್ಯುದ್ಧದ ಉತ್ತರ ಸೈನ್ಯದ್ದು. ಆಗ ಕೆನಡಾದಿಂದಲೂ ಬಹಳ ಜನ ಗಡಿ ದಾಟಿ ಹೋಗಿ ಆ ಯುದ್ಧದಲ್ಲಿ ಹೋರಾಡಿದ್ದರಂತೆ. ಅದರ ನೆನಪಿಗೆ ಗಾರ್ಡನ್ ಮತ್ತು ಅವನ ಸ್ನೇಹಿತರು ಒಂದು ತುಕಡಿ ಕಟ್ಟಿಕೊಂಡು, ಬೇಸಿಗೆಯ ವಾರಾಂತ್ಯಗಳಲ್ಲಿ ಮಿಲ್ಟನ್ ಆಚೆಯ ಹುಲ್ಲುಗಾವಲಿನಲ್ಲಿ ಡೇರೆ ಹಾಕಿ, ಅಂದಿನ ಊಟ ಉಂಡು, ಅಂದಿನ ಬಟ್ಟೆ ತೊಟ್ಟು, ಜನರೆದುರು ಯುದ್ಧ ಮಾಡಿ ತೋರಿಸುತ್ತಿದ್ದರು. ಬಂದೂಕಿನಲ್ಲಿ ಗುಂಡಿಲ್ಲ, ಬರೀ ಮದ್ದು. ಗಂಡಸರು ಹೋರಾಡುವಾಗ ಹೆಂಗಸರು ಇನ್ನೊಂದು ಕಡೆ ಅಂದಿನ ಮನೆವಾರ್ತೆ ನಡೆಸುವರು. ರೊಟ್ಟಿ ಸುಡುವುದು, ಕಾಲುಚೀಲ ಹೆಣೆಯುವುದು, ಗಾಯಕ್ಕೆ ಕಟ್ಟಲು ಹಳೆಬಟ್ಟೆ ಹರಿಯುವುದು. ವಾರವಿಡೀ ಮೈಕ್ರೋವೇವ್‌ನಲ್ಲಿ ಬಿಸಿಮಾಡಿ ತಿನ್ನುವ ಜನಕ್ಕೆ ಶನಿವಾರ ಬಂದರೆ ಒಲೆಯ ಹೊಗೆ ಬೇಕು ಎಂದು ನಾನು ಹಾಸ್ಯ ಮಾಡಿದ್ದುಂಟು.

ಚೆನ್ನಪ್ಪನವರು ಆ ತೋಳನ್ನು ಮಿಷಿನ್ ಮುಟ್ಟದೆ ಕೈಯಲ್ಲೇ ಹೊಲಿದುಕೊಟ್ಟರು. ಹಳೆಯ ಹೊಲಿಗೆ ಯಾವುದು, ಹೊಸದು ಯಾವುದು ಎಂದು ಗಾರ್ಡನ್‌ಗೆ ಗುರುತು ಸಿಗಲಿಲ್ಲ. ಮುಂದಿನ ತಿಂಗಳು ಇಡೀ ತುಕಡಿಗೆ ಇಪ್ಪತ್ತೆರಡು ಹೊಸ ಕೋಟುಗಳ ಕೆಲಸ ಬಂತು. ಇವರು ಸಂಜೆಯೆಲ್ಲ ಕೆಳಗೆ ಕೂತು ಹೊಲಿದರು, ಇಪ್ಪತ್ತಮೂರು. ಆ ಕೊನೆಯದು ಯಾರದು ಎಂದು ಕೇಳಿದೆ. “ನಂದು” ಎಂದರು.

ಆದರೆ ತುಕಡಿಯಲ್ಲಿ ವಾಲ್ಟರ್ ಎಂಬ ಮಹಾಶಯನಿದ್ದ. ಎಲ್ಲವೂ ಅಂದಿನಂತೆಯೇ ಇದೆಯೇ ಎಂದು ಪರೀಕ್ಷಿಸುವ ಅಧಿಕಾರ ಅವನದು. ಭೂತಗನ್ನಡಿ ಹಿಡಿದು ಕೋಟುಗಳನ್ನು ಒಳಗೂ ಹೊರಗೂ ತಿರುಗಿಸಿ ನೋಡಿದ. ಹೊಲಿಗೆಗೆ ಪೂರ್ತಿ ಅಂಕ. ಆದರೆ ಒಳಗೆ ಒಂದೂವರೆ ಇಂಚು ಬಟ್ಟೆ ಮಡಚಿ ಬಿಟ್ಟಿದ್ದೀರಲ್ಲ, ಅಂದಿನ ಗುತ್ತಿಗೆದಾರರು ಅರ್ಧ ಇಂಚೂ ಬಿಡುತ್ತಿರಲಿಲ್ಲ, ಕತ್ತರಿಸಿ ಎಂದ. ನಮ್ಮ ಊರಿನ ಟೈಲರಿಗೆ ಅದು ಹುಟ್ಟುಗುಣ. ಮೈ ಬೆಳೆಯುತ್ತದೆ, ಬಟ್ಟೆ ಬೆಳೆಯುವುದಿಲ್ಲ, ಅದಕ್ಕೆ ಒಳಗೆ ಬಿಡಬೇಕು. ಚೆನ್ನಪ್ಪನವರು ಸರಿ ಎಂದು ತಲೆಯಾಡಿಸಿ ಕೋಟುಗಳನ್ನು ಮನೆಗೆ ತಂದರು. ಕತ್ತರಿಸಲಿಲ್ಲ. ಆ ಬಟ್ಟೆಯನ್ನು ಇನ್ನೊಂದು ಮಡಿಕೆ ಮಡಚಿ ಒಳಪದರದ ಅಸ್ತರಿಯೊಳಗೆ ಸೇರಿಸಿ ಹೊಲಿದುಬಿಟ್ಟರು. ಸೈನಿಕರ ಸಾಲಿನಲ್ಲಿ ನಿಲ್ಲಬೇಕೆಂದು ಇವರು ಕೇಳಿದ್ದಕ್ಕೆ ಅದೇ ವಾಲ್ಟರ್, ನೀವು ಹೆಂಗಸರ ಡೇರೆಯ ಪಕ್ಕ ಟೈಲರ್ ಆಗಿ ಕೂತರೆ ಜನ ಇಷ್ಟಪಟ್ಟು ನೋಡುತ್ತಾರೆ ಎಂದಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಇವರು ಮಾತ್ರ ಹೋಗಿ ಕೂತರು.

ಕೊರಪ್ಪೊಳು ಕೂಡ ಜೊತೆಗೆ ಹೋಗತೊಡಗಿದರು. ಗಿಡ್ಡ ಮೈಕಟ್ಟು, ಮಾತು ಕಡಿಮೆ, ನಡೆ ಜೋರು. ಉದ್ದ ಲಂಗ ತೊಟ್ಟು, ತಲೆಗೆ ಬಟ್ಟೆ ಕಟ್ಟಿ, ಕರಿಮಣಿಯನ್ನು ಕಾಲರಿನೊಳಗೆ ಸರಿಸಿಕೊಂಡರೆ ಅವರ ವೇಷ ಮುಗಿಯಿತು. ಅಲ್ಲಿನ ಹೆಂಗಸರು ಹಸಿ ಕಟ್ಟಿಗೆಯೆದುರು ಕಣ್ಣೊರೆಸಿಕೊಳ್ಳುತ್ತ ಕೂತಿದ್ದಾಗ ಇವರು ಒಂದು ಕಬ್ಬಿಣದ ಕೊಳವೆ ಹುಡುಕಿ ಎರಡು ಸಲ ಊದಿದ್ದೇ ತಡ, ಒಲೆ ಹತ್ತಿತು. ಅಂದಿನಿಂದ ಒಲೆಯ ಯಜಮಾನಿಕೆ ಅವರದು.

ತೊಂಬತ್ತೇಳರ ಏಪ್ರಿಲ್ಲಿನಲ್ಲಿ ತುಕಡಿ ಮತ್ತೆ ಸೇರಿದಾಗ ಹನ್ನೆರಡು ಜನರಿಗೆ ಕೋಟಿನ ಗುಂಡಿ ಹಾಕಲು ಆಗಲಿಲ್ಲ. ಎರಡು ಚಳಿಗಾಲ ಸೋಫಾದ ಮೇಲೆ ಕೂತು ಟಿವಿಯಲ್ಲಿ ಹಾಕಿ ಆಟ ನೋಡಿದ್ದರ ಫಲ. ವಾಲ್ಟರ್‌ನ ಹೊಟ್ಟೆ ಎಲ್ಲರಿಗಿಂತ ಮುಂದೆ. ಹೊಸ ಕೋಟು ಮಾಡಿಸಲು ಸಮಯವಿಲ್ಲ, ಜೂನಿನಲ್ಲಿ ದೊಡ್ಡ ಪ್ರದರ್ಶನ. ಆಗ ಚೆನ್ನಪ್ಪನವರು ಅಸ್ತರಿ ಬಿಚ್ಚಿ ಒಳಗಿನ ಬಟ್ಟೆ ತೋರಿಸಿದರು. ಒಂದೇ ವಾರದಲ್ಲಿ ಹನ್ನೆರಡು ಕೋಟೂ ಅಗಲವಾದವು. ಗಾರ್ಡನ್ ಕೈಕುಲುಕಿ, ನಿಮಗೆ ಏನು ಕೊಡಲಿ ಎಂದು ಕೇಳಿದ. ಇವರು ಇಪ್ಪತ್ತಮೂರನೆಯ ಕೋಟನ್ನು ತೊಟ್ಟುಕೊಂಡು ಬಂದು ಅವನೆದುರು ನಿಂತರು. ವಾಲ್ಟರ್ ಭೂತಗನ್ನಡಿಯನ್ನು ಜೇಬಿಗೆ ಸೇರಿಸಿದ. ಅವತ್ತು ತುಕಡಿಯ ಹಾಜರಿ ಪುಸ್ತಕದಲ್ಲಿ ಪ್ರೈವೇಟ್ ಚೆನ್ನಪ್ಪ ಎಂದು ಬರೆದರು. ಆ ರಾತ್ರಿ ಬೇಸ್‌ಮೆಂಟಿನಲ್ಲಿ ಪಾಯಸ.

ಪಾಯಸ ಅರಗುವ ಮೊದಲೇ ತಕರಾರು ಶುರುವಾಯಿತು. ತುಕಡಿಯ ಪದ್ಧತಿಯೊಂದಿತ್ತು. ಹೊಸಬರು ಮೊದಲ ಪ್ರದರ್ಶನದಲ್ಲಿ ಮೊದಲ ಸುತ್ತು ಗುಂಡಿಗೇ ಸಾಯಬೇಕು. ಸತ್ತವರು ತುತ್ತೂರಿ ಊದುವವರೆಗೆ ಬಿಸಿಲಲ್ಲಿ ಬಿದ್ದಿರಬೇಕು. ಹಳಬರಿಗೆ ಅದು ಬೇಡವಾದ್ದರಿಂದ ಹೊಸಬರ ತಲೆಗೆ. ಆಮೇಲೆ ಗಾರ್ಡನ್ ಹೆಂಗಸರ ಡೇರೆಗೆ ಬಂದು ಮೃತರ ಪಟ್ಟಿ ಓದುತ್ತಾನೆ. ಯಾರ ಗಂಡನ ಹೆಸರು ಬರುತ್ತದೋ ಆಕೆ ಕಪ್ಪು ಬಟ್ಟೆ ಹೊದ್ದು ಅಳಬೇಕು. ನೋಡುವ ಜನ ಕಣ್ಣೊರೆಸಿಕೊಳ್ಳುವುದು ಅಲ್ಲೇ.

ಗಂಡ ಹೆಂಡತಿ ನ್ಯಾಯ ಕೇಳಲು ಮೇಲೆ ನನ್ನ ಅಡುಗೆಮನೆಗೆ ಬಂದರು. ಅವರವರಲ್ಲಿ ತುಳು, ನನ್ನೆದುರು ಕನ್ನಡ.

“ಶೈಲಜಕ್ಕ, ಇವ್ರು ಸಾಯುದು, ನಾನು ಪಟ್ಟಿ ಕೇಳುದು, ಮತ್ತೆ ಕರಿ ಬಟ್ಟೆ ಹಾಕ್ಕೊಳ್ಳುದು. ಆಟಕ್ಕೇ ಆಗ್ಲಿ, ನಂಗೆ ಅದು ಆಗುದಿಲ್ಲ” ಎಂದರು ಕೊರಪ್ಪೊಳು.

“ಯಕ್ಷಗಾನದಲ್ಲಿ ದಿನಾ ಸಾಯುದಿಲ್ವಾ? ಅವ್ರ ಹೆಂಡ್ತಿಯರು ಮುಂದೆ ಕೂತು ನೋಡುದಿಲ್ವಾ?”

“ಅಲ್ಲಿ ಸಾಯುದು ವೇಷ. ಇಲ್ಲಿ ಓದುದು ನಿಮ್ಮದೇ ಹೆಸ್ರು.”

ನನಗೆ ಉಪಾಯ ಹೊಳೆಯಿತು. “ಅಲ್ರೀ ಚೆನ್ನಪ್ಪನವ್ರೇ, ಬೇರೆ ಯಾವ್ದಾದ್ರೂ ಹೆಸ್ರು ಬರೆಸ್ಬಿಡಿ. ಜಾನ್ ಅಂತಾನೋ ವಿಲಿಯಮ್ ಅಂತಾನೋ. ಪ್ರಾಬ್ಲಮ್ಮೇ ಇರಲ್ಲ.”

ಅವರು ನನ್ನನ್ನು ನೋಡಿದ ರೀತಿಗೆ ನಾನು ಒಗ್ಗರಣೆ ಕಡೆ ತಿರುಗಿಕೊಂಡೆ. “ಬೇರೆ ಹೆಸ್ರಲ್ಲಿ ಸೇರಿದ್ರೆ ಸೇರಿದ್ದು ಯಾರು ಅಕ್ಕ? ಆಗ ನನ್ನ ಹೆಸ್ರನ್ನೇ ಹೊಡೆದು ಹಾಕಿದ್ದು ಸೈನ್ಯದವ್ರು. ಈಗ ನಾನೇ ಹೊಡೆದು ಹಾಕ್ಬೇಕಾ?”

  ಕೊರಪ್ಪೊಳು ಸೋಲೊಪ್ಪುವ ಹೆಂಗಸಲ್ಲ. ಪಟ್ಟಿ ಓದುವ ಮೊದಲೇ ಎದ್ದು ಬಂದು ಕಾರಿನಲ್ಲಿ ಕೂರುತ್ತೇನೆ ಎಂದು ಹೇಳಿ ಕೆಳಗಿಳಿದು ಹೋದರು.

ಪ್ರದರ್ಶನದ ದಿನ ನಾಲ್ವರೂ ನಮ್ಮ ಕಾರಿನಲ್ಲೇ ಹೋದೆವು.  ಚೆನ್ನಪ್ಪನವರ ಕೋಟಿನಲ್ಲಿ ಒಂದು ಸುಕ್ಕಿಲ್ಲ. ಹುಲ್ಲುಗಾವಲಿನಲ್ಲಿ ಸಾಲು ನಿಂತಾಗ ಬೊಜ್ಜಿನ ಸೈನಿಕರ ಮಧ್ಯೆ ನಿಜವಾದ ಸೈನಿಕನ ಹಾಗೆ ಕಂಡದ್ದು ಅವರೊಬ್ಬರೇ. ಇದು ನನ್ನ ಪಕ್ಷಪಾತವಲ್ಲ, ಪಕ್ಕದಲ್ಲಿದ್ದ ಬಿಳಿಯ ಅಜ್ಜಿಯೂ ಅವರನ್ನೇ ತೋರಿಸಿ ಗಂಡನಿಗೆ ಏನೋ ಹೇಳಿದಳು. ಹೆಜ್ಜೆ ಹಾಕಿಕೊಂಡು ಮುಂದೆ ಬಂದರು. ಎದುರು ಸಾಲಿನಿಂದ ಗುಡುಗಿದಂತಾಯಿತು, ಹೊಗೆ ಎದ್ದಿತು. ಚೆನ್ನಪ್ಪನವರು ಎದೆ ಹಿಡಿದು, ಅರ್ಧ ಸುತ್ತು ತಿರುಗಿ, ಅಂಗಾತ ಬಿದ್ದರು.

ನಾನು ತಿರುಗಿ ಡೇರೆಯ ಕಡೆ ನೋಡಿದೆ. ಕೊರಪ್ಪೊಳು ಒಲೆಯ ಮುಂದೆ ಇರಲಿಲ್ಲ.

ಅವರು ಲಂಗವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಪ್ರೇಕ್ಷಕರ ಹಗ್ಗದ ಕೆಳಗೆ ನುಸುಳಿ, ಯುದ್ಧಭೂಮಿಯ ನಡುವೆ ನಡೆದು ಹೋಗುತ್ತಿದ್ದರು. ಓಡಲಿಲ್ಲ. ತರಕಾರಿ ತರಲು ಹೊರಟವರಂತೆ ನೇರವಾಗಿ ನಡೆದರು. ಮೊದಲು ದಕ್ಷಿಣದವರ ಬಂದೂಕು ನಿಂತಿತು, ಆಮೇಲೆ ಉತ್ತರದವರದು. ಗಾರ್ಡನ್ ಎತ್ತಿದ ಕತ್ತಿ ಇಳಿಸಿದ. ನಾನು ಹಗ್ಗದವರೆಗೆ ಓಡಿದೆ. ಅವರಿಬ್ಬರು ಅಲ್ಲಿಂದ ಹತ್ತು ಮಾರು ದೂರ. ನಾಲ್ಕು ವರ್ಷ ಕೆಳಗಿನ ಬೇಸ್‌ಮೆಂಟಿನಿಂದ ತುಳು ಕೇಳಿದ್ದರಿಂದ ಮಾತು ಅರ್ಥವಾಗುತ್ತಿತ್ತು.

“ಏಳಿ, ಸಾಕು” ಎಂದರು ಕೊರಪ್ಪೊಳು.

ಹೆಣ ಕಣ್ಣು ತೆರೆಯಲಿಲ್ಲ. “ತುತ್ತೂರಿ ಆಗ್ಲಿಲ್ಲ. ಆರ್ಡರ್ ಇಲ್ಲದೆ ಏಳ್ಲಿಕ್ಕಿಲ್ಲ.”

“ಹಾಗಾದ್ರೆ ನಾನೂ ಏಳುದಿಲ್ಲ” ಎಂದು ಅವರು ಹುಲ್ಲಿನ ಮೇಲೆ ಕೂತೇಬಿಟ್ಟರು. ಕೂತು, ಗಂಡನ ಮುಖಕ್ಕೆ ಬಿಸಿಲು ಬೀಳದಂತೆ ಏಪ್ರನ್ನನ್ನು ಅಡ್ಡ ಹಿಡಿದರು. ಇನ್ನೊಂದು ಕೈಯನ್ನು ಅವರ ಎದೆಯ ಮೇಲಿಟ್ಟು, ಉಸಿರಾಡುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡು, ಅಲ್ಲೇ ಇಟ್ಟುಕೊಂಡರು.

ಯುದ್ಧ ಮುಂದುವರಿಯಬೇಕಿತ್ತು, ಮುಂದುವರಿಯಿತು. ಎರಡೂ ಸೈನ್ಯಗಳು ಅವರಿಬ್ಬರಿಗೆ ಸುತ್ತು ಹಾಕಿಕೊಂಡು ಆಚೆ ಹೋಗಿ ಕಾದಾಡಿದವು. ಇದೂ ಪ್ರದರ್ಶನದ ಭಾಗವೆಂದುಕೊಂಡ ಜನ ಉಸಿರು ಬಿಗಿಹಿಡಿದು ನೋಡಿದರು. ಇಪ್ಪತ್ತು ನಿಮಿಷ ಆಕೆ ಕದಲಲಿಲ್ಲ. ನಾನು ಅತ್ತೆ. ಹೊಗೆ ಕಣ್ಣಿಗೆ ಹೋಯಿತೆಂದು ರಾಮಮೂರ್ತಿಗೆ ಹೇಳಿದೆ, ಅವರು ನಂಬಿದಂತೆ ಕಾಣಲಿಲ್ಲ.

ತುತ್ತೂರಿ ಆಯಿತು. ಸತ್ತವರು ಎದ್ದು ಪ್ಯಾಂಟು ಕೊಡವಿಕೊಂಡರು. ಕೊರಪ್ಪೊಳು ಕಾರಿನ ಕಡೆ ಹೋಗಲಿಲ್ಲ, ಡೇರೆಗೆ ಹೋಗಿ ಹೆಂಗಸರ ಸಾಲಿನಲ್ಲಿ ನಿಂತರು.  ಮುಖ ನೋಡಿದರೆ, ಈಗ ಯಾರಾದರೂ ಗಂಡನ ಹೆಸರು ಓದಿ ನೋಡಲಿ ಎಂಬಂತಿತ್ತು. ಗಾರ್ಡನ್ ಕಾಗದ ತೆಗೆದು ಒಂದೊಂದೇ ಹೆಸರು ಓದಿದ. ಹೆಂಗಸರು ಒಬ್ಬೊಬ್ಬರಾಗಿ ಕಪ್ಪು ಬಟ್ಟೆ ಹೊದ್ದರು. ಏಳು ಹೆಸರಾಯಿತು. ಎಂಟನೆಯದಕ್ಕೆ ಬಂದಾಗ ಅವನು ತಲೆಯೆತ್ತಿ ಕೊರಪ್ಪೊಳು ಅವರನ್ನು ನೋಡಿ ತಡವರಿಸಿದ.

ಆಗ ಚೆನ್ನಪ್ಪನವರು ಗಂಡಸರ ಗುಂಪಿನಿಂದ ಮುಂದೆ ಬಂದು ಸೆಲ್ಯೂಟ್ ಹೊಡೆದರು. ನನ್ನ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು ಸರ್ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಇಪ್ಪತ್ತಾರು ವರ್ಷ ಕಾದು ಬರೆಸಿಕೊಂಡ ಹೆಸರು. ಹೇಳುವಾಗ ಬೆನ್ನು ಬಾಗಿರಲಿಲ್ಲ.

ಗಾರ್ಡನ್ ಮೇಷ್ಟರಲ್ಲವೇ, ಪಟ್ಟಿಯಲ್ಲಿ ಖಾಲಿ ಜಾಗ ಬಿಡುವ ಜಾತಿಯಲ್ಲ. ಹಾಗಾದರೆ ನಿಮ್ಮ ಹೆಸರಿನ ಮುಂದೆ ಏನೆಂದು ಬರೆಯಲಿ ಎಂದು ಕೇಳಿದ. ಚೆನ್ನಪ್ಪನವರು ಹೆಂಡತಿಯ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ ಕೇಳಿದರು, ನಾನೂ ಕೇಳಿಸಿಕೊಳ್ಳಲೆಂದು ಇರಬೇಕು.

“ತೆಗೀಲಿಕ್ಕೆ ಯಾರು ಹೇಳಿದ್ದು? ಹೆಸ್ರು ಇರ್ಲಿ. ಮನೆಗೆ ಬಂದ್ರು ಅಂತ ಬರೀಲಿ” ಎಂದರು ಕೊರಪ್ಪೊಳು.

ಗಾರ್ಡನ್ ಬರೆದ. ಆಮೇಲೆ ನೆಟ್ಟಗೆ ನಿಂತು ಗಟ್ಟಿಯಾಗಿ ಓದಿದ: ಪ್ರೈವೇಟ್ ಚೆನ್ನಪ್ಪ, ಮನೆಗೆ ಬಂದಿದ್ದಾರೆ. ಕೊರಪ್ಪೊಳು ಅದನ್ನು ಇನ್ನೊಂದು ಸಲ ಓದಿಸಿದರು.