ಕಾದಂಬರಿಯ ದೆವ್ವ, ಕೊಡಿಗೇಹಳ್ಳಿಯ ಬಾಡಿಗೆ ಮನೆ

ದೆವ್ವದ ಕಾದಂಬರಿಗಳಲ್ಲಿ ದೆವ್ವವನ್ನು ಬೇಕಾದರೆ ನಂಬುತ್ತೇನೆ. ಆದರೆ ಹೊಸ ಊರಿಗೆ ಬಂದ ಒಂಟಿ ನಾಯಕನಿಗೆ ಇಡೀ ಬಂಗಲೆ ಬಾಡಿಗೆಗೆ ಸಿಗುತ್ತದಲ್ಲ, ಅದನ್ನು ಮಾತ್ರ ಜಪ್ಪಯ್ಯ ಅಂದರೂ ನಂಬಲಾರೆ.

ಯಲಹಂಕಕ್ಕೆ ವರ್ಗವಾದಾಗ ಕೊಡಿಗೇಹಳ್ಳಿಯಲ್ಲಿ ಮನೆ ಹುಡುಕುತ್ತಿದ್ದೆ. ಒಂದು ಗೇಟಿನಲ್ಲಿ ಟು-ಲೆಟ್ ಬೋರ್ಡು ಬಣ್ಣ ಮಾಸಿ ನೇತಾಡುತ್ತಿತ್ತು. ಓನರಮ್ಮ ನನ್ನ ಕೈಲಿದ್ದ ಪುಸ್ತಕದ ಮುಖಪುಟದ ದೆವ್ವ ನೋಡಿ ತಾವೇ ಬಾಯಿಬಿಟ್ಟರು.

"ನಮ್ಮ ಮೇಲ್ಗಡೆ ಮನೇಲೂ ದೆವ್ವ ಇದಾವೆ ಅಂತಾರಪ್ಪ. ಅದಕ್ಕೇ ಖಾಲಿ ಬಿದ್ದಿದೆ."

"ನಂಗೇನೂ ಭಯ ಇಲ್ಲಮ್ಮ, ನಾನು ಬರ್ತೀನಿ."

"ಮದ್ವೆ ಆಗಿದ್ಯಾ?"

"ಇಲ್ಲ."

"ಹಂಗಾದ್ರೆ ಆಗಲ್ಲ. ಬ್ಯಾಚುಲರ್ಸ್‌ಗೆ ಕೊಡಲ್ಲ."

"ದೆವ್ವಗಳು ಇರಬಹುದು, ನಾನು ಇರಬಾರದಾ?"

ಓನರಮ್ಮ ಗೇಟಿನ ಚಿಲಕ ಹಾಕಿದರು. "ಅವ್ರು ಗಂಡ-ಹೆಂಡ್ತಿ ಕಣಪ್ಪ. ಫ್ಯಾಮಿಲಿ!"