ಕಫೀಲರು ತಿದ್ದಿದ ವಾಕ್ಯ

ನಿನ್ನೆ ಮಸ್ಕತ್ತಿನಿಂದ ರಜೆಗೆ ಬಂದ ಪಕ್ಕದ ಮನೆಯವರು ಏಲಕ್ಕಿ ಬೆರೆಸಿದ ಅರಬ್ಬಿ ಕಾಫಿಪುಡಿ ಕೊಟ್ಟುಹೋದರು. ಹೆಂಡತಿ ಅದನ್ನು ಕುದಿಸಲು ಇಟ್ಟಳು. ಆ ವಾಸನೆ ಹೊರಗೆ ನನ್ನ ಕುರ್ಚಿಯವರೆಗೆ ಬಂದದ್ದೇ ತಡ, ನನಗೆ ಕುಡಿಯುವ ಮನಸ್ಸು ಹೋಯಿತು. ಕಾರಣ ಹೇಳಬೇಕಾದರೆ ನಿಮ್ಮನ್ನು ಎಂಬತ್ತರ ದಶಕದ ಕೊನೆಯ ಒಮಾನಿಗೆ ಕರೆದೊಯ್ಯಬೇಕು.

ಅಲ್ಲಿ ಸಹಮ್ ಎಂಬ ಕಡಲ ತಡಿಯ ಪೇಟೆಯಲ್ಲಿ ನಾನೊಂದು ದಿನಸಿ ಅಂಗಡಿಯ ಗುಮಾಸ್ತ. ಹಿಂದಿಯಲ್ಲೇ ದಿನ ಸಾಗುತ್ತಿತ್ತು. ಅರಬ್ಬಿ ಭಾಷೆ ಗಿರಾಕಿಗೆ ಬೇಕಾದಷ್ಟೇ: ಸಾಮಾನು ಇದ್ದರೆ ‘ಫೀ’, ಮುಗಿದಿದ್ದರೆ ‘ಖಲಾಸ್’. ಇಷ್ಟಕ್ಕೇ ಊರಿಗೆ ಬರೆದ ಪತ್ರಗಳಲ್ಲಿ ಅರಬ್ಬಿ ಕಲಿತೆನೆಂದು ಕೊಚ್ಚಿಕೊಂಡಿದ್ದೆ. ನಮ್ಮನ್ನು ಕರೆಸಿಕೊಂಡ ಯಜಮಾನರು, ಅಂದರೆ ಕಫೀಲರು, ದೂರದ ರುಸ್ತಾಕಿನಲ್ಲಿದ್ದರು. ನಮ್ಮ ಪಾಸ್‌ಪೋರ್ಟುಗಳೂ ಅವರ ಬಳಿಯೇ. ಅವರೊಡನೆ ಮಾತಾಡಲು ಬರುತ್ತಿದ್ದದ್ದು ಮ್ಯಾನೇಜರೊಬ್ಬರಿಗೇ. ಅವರು ರಜೆಯಲ್ಲಿ ಹೋಗಿದ್ದಾಗಲೇ ನನ್ನೂರು ಕಾಪುವಿನಿಂದ ಅಕ್ಕನ ಫೋನ್ ಬಂತು.

“ಅಮ್ಮ ಊಟ ಬಿಟ್ಟಿದ್ದಾಳೆ. ನಿನ್ನನ್ನೇ ಕೇಳ್ತಾ ಇದ್ದಾಳೆ. ಬೇಗ ಬಾ.”

ನನ್ನ ಕೋಣೆಯಲ್ಲಿದ್ದ ಕಿನ್ನಿಗೋಳಿಯ ಲಾರೆನ್ಸಣ್ಣ, ನನಗಿಂತ ಹಿರಿಯರು, ಒಂದು ವಾಕ್ಯ ಕಲಿಸಿದರು. “ಉಮ್ಮಿ ಅಂದ್ರೆ ನನ್ನ ಅಮ್ಮ. ಮರೀದಾ ಅಂದ್ರೆ ಕಾಯಿಲೆ. ಅಷ್ಟೇ ಹೇಳು ಮಾರಾಯ, ಹೆಚ್ಚೆಂತ ಬೇಡ.”

ಪಾಸ್‌ಪೋರ್ಟ್ ಕೇಳಲು ರುಸ್ತಾಕಿಗೆ ಹೊರಟ ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಜಪಿಸಿದೆ. ಕಫೀಲರು ವಯಸ್ಸಾದವರು. ಕೂರಿಸಿ ಏಲಕ್ಕಿ ಕಾಫಿ ಕೊಟ್ಟರು. “ಉಮ್ಮಿ ಮರೀದಾ” ಎಂದೆ. ಅವರು ಮುಗುಳ್ನಕ್ಕರು.

“ಕುಲ್ ಹಿಂದಿ, ಉಮ್ಮು ಮರೀದಾ.”

ಅಂದರೆ, ಇಂಡಿಯಾದವರೆಲ್ಲರ ಅಮ್ಮಂದಿರಿಗೂ ಕಾಯಿಲೆಯೇ. ಅದರಲ್ಲಿ ಸಿಟ್ಟಿರಲಿಲ್ಲ. ಹಾಗೆ ಹೇಳಿ ಹೋದ ಎಷ್ಟೋ ಜನ ತಿರುಗಿ ಬಂದಿರಲಿಲ್ಲವಂತೆ. ಮ್ಯಾನೇಜರು ಬರಲಿ ಎಂಬಂತೆ ಕೈಸನ್ನೆ ಮಾಡಿದರು. ನನ್ನದು ನಿಜ ಎನ್ನಬೇಕಿತ್ತು. ನಿಜಕ್ಕೆ ಅರಬ್ಬಿಯಲ್ಲಿ ಏನೆನ್ನುತ್ತಾರೆಂದು ತಿಳಿಯದೆ ಕಾಫಿ ಕುಡಿದು ಎದ್ದು ಬಂದೆ.

ಆಮೇಲೆ ಸಂಜೆ ಸಂಜೆ ಅಕ್ಕಿಮೂಟೆಗಳ ನಡುವೆ ಪಾಠ. ಲಾರೆನ್ಸಣ್ಣ ಗಿರಾಕಿಗಳನ್ನು ಕೇಳಿ ತಿಳಿದುಕೊಂಡು ನನಗೆ ಒಂದೊಂದೇ ವಾಕ್ಯ ಹೇಳಿಕೊಡುವರು: ಇದು ಸುಳ್ಳಲ್ಲ. ಅವಳು ನನ್ನನ್ನು ಕರೆಯುತ್ತಿದ್ದಾಳೆ. ದೇವರಾಣೆ ತಿರುಗಿ ಬರುತ್ತೇನೆ. ಗಂಟಲಿನ ಆಳದಿಂದ ಹೊರಡಬೇಕಾದ ಅಕ್ಷರಗಳಿಗಾಗಿ ನಾನು ಮೀನಿನ ಮುಳ್ಳು ಸಿಕ್ಕಿದವನಂತೆ ಕೆಮ್ಮುತ್ತಿದ್ದೆ. ವಾಕ್ಯಗಳು ಬಾಯಿಗೆ ಕೂತವು. ಅಷ್ಟರಲ್ಲಿ ಅಕ್ಕ ಮತ್ತೆ ಫೋನ್ ಮಾಡಿದಳು. ಈ ಸಲ ಅವಳು ಬೇಗ ಬಾ ಎನ್ನಲಿಲ್ಲ.

ಮತ್ತೆ ರುಸ್ತಾಕಿಗೆ ಹೋದೆ. “ಉಮ್ಮಿ” ಎಂದು ನಿಂತೆ. ಕಲಿತ ವಾಕ್ಯಗಳು ಯಾವುವೂ ಈಗ ಬೇಕಿರಲಿಲ್ಲ. ಬೇಕಾದ ಪದವನ್ನು ಲಾರೆನ್ಸಣ್ಣನ ಬಳಿ ಕೇಳಲು ನನಗೆ ಬಾಯಿ ಬಂದಿರಲಿಲ್ಲ.

“ಉಮ್ಮಿ ಖಲಾಸ್” ಎಂದೆ. ಸಕ್ಕರೆ ಮುಗಿದಾಗ ಹೇಳುವ ಮಾತು.

ಅವರು ಲೋಟ ಕೆಳಗಿಟ್ಟು ಎದ್ದು ಬಂದರು. ನನ್ನ ಹೆಗಲು ಹಿಡಿದು, “ಲಾ, ಲಾ. ತವಫ್ಫತ್. ಉಮ್ಮಿ ತವಫ್ಫತ್” ಎಂದು ಮೆಲ್ಲಗೆ ತಿದ್ದಿದರು. ಸತ್ತವರ ಬಗ್ಗೆ ಗೌರವದಿಂದ ಹೇಳುವ ಪದವದು; ತಾಯಿಯ ವಿಷಯದಲ್ಲಿ ಖಲಾಸ್ ಎನ್ನಬಾರದು. ನಾನು ಸರಿಯಾಗಿ ಹೇಳುವವರೆಗೆ ಕಾದರು. ಅವರ ಕಣ್ಣು ಒದ್ದೆಯಾಗಿತ್ತು. ಒಳಗೆ ಹೋಗಿ ಪಾಸ್‌ಪೋರ್ಟ್ ತಂದು ಕೈಗಿಟ್ಟರು.

ಕಾಪು ತಲುಪುವಾಗ ಬೂದಿಯೂ ತಣ್ಣಗಾಗಿತ್ತು.

ತಿರುಗಿ ಹೋಗಿ ತೊಂಬತ್ತರ ದಶಕವನ್ನೂ ಅಲ್ಲೇ ಕಳೆದೆ. ಕಚೇರಿಗಳಲ್ಲಿ ವಾದ ಮಾಡುವಷ್ಟು ಅರಬ್ಬಿ ಬಂತು. ಬೇರೆಯವರ ರಜೆಗಾಗಿ ನಾನೇ ಮಾತಾಡಿದ್ದೂ ಉಂಟು. ಊರಿನಲ್ಲಿ ಎಲ್ಲರಿಗೂ ಅಮ್ಮನ ವಿಷಯ ನನಗಿಂತ ಮೊದಲೇ ಗೊತ್ತಿತ್ತು. ನನ್ನ ಭಾಷೆಯಲ್ಲಿ ಆ ಮಾತನ್ನು ಯಾರಿಗೂ ಹೇಳಬೇಕಾಗಿ ಬರಲೇ ಇಲ್ಲ.

ನಿನ್ನೆ ಕುರ್ಚಿಯಿಂದಲೇ ಹೆಂಡತಿಗೆ ತುಳುವಿನಲ್ಲಿ ಹೇಳಿದೆ, ಅಮ್ಮ ತೀರಿಹೋದಳು ಎಂದು.

“ಗೊತ್ತುಂಟಲ್ಲ. ಈಗ ಎಂತಕ್ಕೆ ಅದು?” ಎಂದಳು ಒಳಗಿನಿಂದ.

ನಾನು ಇನ್ನೊಮ್ಮೆ ಹೇಳಿದೆ. ಅವಳು ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳು.