ಬುತ್ತಿಯ ಲೆಕ್ಕಕ್ಕೆ ಸಿಕ್ಕಿಬಿದ್ದ ಜ್ವರ

ಮುಗಳಖೋಡಕ್ಕೆ ಬಂದ ಎಂಟನೇ ದಿನ ಹೆಸರೂ ಗೊತ್ತಿಲ್ಲದ ಹೆಂಗಸೊಬ್ಬರು ಬುಟ್ಟಿ ಹಿಡಿದು ಸೀದಾ ಅಡುಗೆಮನೆಗೇ ನುಗ್ಗಿ, ಒಲೆಯ ಮೇಲಿದ್ದ ನನ್ನ ಗಂಜಿಯನ್ನು ಇಳಿಸಿಬಿಟ್ಟರು. “ಐದ ತಿಂಗಳ ಬಸರಿ, ಇದನ್ನ ಕುಡೀತೀರೇನ್ರಿ? ಕುಂಡರ್ರಿ, ಉಣ್ರಿ.” ನಮ್ಮ ಮಂಗಳೂರಿನಲ್ಲಿ ಪಕ್ಕದ ಮನೆಯವರೂ ಗೇಟಿನ ಹೊರಗೆ ನಿಂತೇ ಕರೆಯುತ್ತಾರೆ. ನಾನು ಬೆಪ್ಪಾಗಿ ಕೂತು ಉಂಡೆ.

ಅವರು ಎದುರುಮನೆಯ ಗಂಗವ್ವ, ಕಬ್ಬಿನ ಹೊಲದವರು. ನನ್ನ ಗಂಡನಿಗೆ ಇಲ್ಲಿನ ಹೈಸ್ಕೂಲಿಗೆ ವರ್ಗವಾಗಿತ್ತು. ಗಂಗವ್ವ ತಂದದ್ದು ‘ಬಯಕಿ ಬುತ್ತಿ’: ಬಸುರಿಗೆಂದು ಓಣಿಯವರು ಸರದಿಯಂತೆ ಕಟ್ಟಿಕೊಂಡು ಬರುವ ಊಟ. ನಮ್ಮಲ್ಲಿ ಸೀಮಂತ ಒಂದೇ ದಿನದ್ದು. ಇಲ್ಲಿ ವಾರಗಟ್ಟಲೆ ನನ್ನ ಒಲೆಗೆ ಕೆಲಸವೇ ಇರಲಿಲ್ಲ.

ಒಂದು ಶನಿವಾರ ಗಂಗವ್ವನ ಬುತ್ತಿ ಉಂಡ ಸಂಜೆ ಹಲ್ಲು ಕಟಕಟಿಸುವ ಚಳಿ, ಆಮೇಲೆ ಜ್ವರ. ಮಲೇರಿಯಾ ಏನಿದ್ದರೂ ನಮ್ಮೂರಿನ ಸೊತ್ತು, ಈ ಬಯಲುಸೀಮೆಯಲ್ಲಿ ಎಲ್ಲಿಯದು ಎಂದು ನಾನು ದೊಡ್ಡ ಜಾಣೆಯಂತೆ ತಳ್ಳಿಹಾಕಿದೆ. ಓಣಿಯಲ್ಲಿ ಮಾತ್ರ ಗುಸುಗುಸು ಶುರುವಾಯಿತು, ಗಂಗವ್ವನ ಕಣ್ಣು ತಾಗಿದೆ ಎಂದು. ಅವರು ನಮ್ಮ ಮನೆಗೆ ಬರುವುದನ್ನೇ ಬಿಟ್ಟರು.

ಗುರುವಾರ ಆಶಾ ಕಾರ್ಯಕರ್ತೆ ಸುವರ್ಣಾ ಬಂದರು. ಜ್ವರ ಯಾವ ಯಾವ ದಿನ ಬಂತೆಂದು ಕೇಳಿದರೆ ನನಗೆ ನೆನಪೇ ಇಲ್ಲ. ನೆರೆದ ಹೆಂಗಸರಿಗೆ ಇತ್ತು!

“ರವಿವಾರ ನಾ ಹೋಳಗಿ ತಂದಿದ್ದೆ, ಆರಾಮ ಉಂಡ್ರು.”

“ಸೋಮವಾರ ನನ್ನ ಬುತ್ತಿ ಮುಟ್ಟಲಿಲ್ಲರೀ, ಗಡಗಡ ನಡುಗಾಕತ್ತಿದ್ರು.”

“ಮಂಗಳವಾರ ನನ್ನ ಕಡಬು ನಾಕ ತಿಂದ್ರು.”

“ಬುಧವಾರ ಮತ್ತ ಚಳಿ.”

ಸುವರ್ಣಾ ಬರೆಯುವುದನ್ನು ನಿಲ್ಲಿಸಿದರು. “ದಿನಾ ಬಿಟ್ಟ ದಿನಾ ಬರಾಕತ್ತೈತಿ. ಇದು ಕಣ್ಣಲ್ರಿ. ಅಕ್ಕಾರ, ಬೆರಳ ಕೊಡ್ರಿ.” ಒಂದು ಹನಿ ರಕ್ತ ಸಾಕಾಯಿತು. ಮಲೇರಿಯಾ.

ಹೋದ ವರ್ಷ ಮಂಗಳೂರಿನಲ್ಲಿ ಮಲೇರಿಯಾ ಬಂದಾಗ, ಜ್ವರ ಬಿಟ್ಟಿತೆಂದು ನಾನು ಗುಳಿಗೆಗಳನ್ನು ಅರ್ಧಕ್ಕೇ ನಿಲ್ಲಿಸಿದ್ದೆ. ಅದು ಯಕೃತ್ತಿನಲ್ಲಿ ಅಡಗಿದ್ದು ಈಗ ಮೇಲೆದ್ದಿರಬಹುದು ಎಂದರು ಸರಕಾರಿ ಆಸ್ಪತ್ರೆಯ ಡಾಕ್ಟರು. ಮಗುವಿನ ತೂಕ ಕುಸಿಯಬಹುದು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು ಎಂದೂ ಹೇಳಿದರು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಾನು ಅತ್ತುಬಿಟ್ಟೆ. ಬಸುರಿಗೆ ಆಗಿಬರುವ ಗುಳಿಗೆ ಕೊಟ್ಟರು, ಯಕೃತ್ತಿನಲ್ಲಿ ಅಡಗಿದ್ದನ್ನು ಕೊಲ್ಲುವ ಮದ್ದು ಹೆರಿಗೆಯ ನಂತರ ಎಂದರು. ಸುವರ್ಣಾ ದಿನವೂ ಬಂದು, ನಾನು ನುಂಗುವ ತನಕ ಎದುರಿಗೇ ಕೂತಿರುತ್ತಿದ್ದರು.

ನಾನೇ ಗಂಗವ್ವನ ಮನೆಗೆ ಹೋದೆ. “ಜ್ವರ ನಾನೇ ಊರಿಂದ ತಂದದ್ದಂತೆ. ನಿಮ್ಮ ಮೇಲೆ ಮಾತು ಬಂತು, ತಪ್ಪಾಯಿತು,” ಎಂದೆ.

“ಅದಿರ್ಲಿ ಬಿಡ್ರಿ. ಕೂಸು ಮಿಸಕಾಡಾಕತ್ತೈತಿಲ್ಲೋ?”

ಇಷ್ಟು ದೊಡ್ಡ ಮನಸ್ಸನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ದಿನ ತುಂಬಿಯೇ ಹೆತ್ತೆ, ಹೆಣ್ಣುಮಗು. ತಕ್ಕಡಿ ನೋಡಿದ ಸುವರ್ಣಾ, “ತೂಕ ಚಲೋ ಐತ್ರಿ!” ಎಂದು ಕೂಗಿಕೊಂಡರು. ಬಾಣಂತನಕ್ಕೆ ಮಂಗಳೂರಿಗೆ ಕರೆದೊಯ್ಯಲು ಅಮ್ಮ ಬಂದರು. ಕಾರು ಹೊರಡುವಾಗ ಇಡೀ ಓಣಿಯೇ ನೆರೆದಿತ್ತು. ಗಂಗವ್ವ ಕಿಟಕಿಯೊಳಗೆ ಕೈ ಹಾಕಿ, ಹೆತ್ತ ತಾಯಿಯ ಎದುರಿಗೇ ನನ್ನ ಗಲ್ಲ ಹಿಡಿದು, ಅವರಿಗೇ ಹೇಳಿದರು: “ಚಂದಾಗಿ ನೋಡಕೋರ್ರಿ. ಆಮ್ಯಾಲ ನಮ್ಮ ಮಗಳನ್ನ ನಮಗ ತಿರುಗಿ ಕಳಸ್ರಿ.”

ಅಮ್ಮ ನನ್ನ ಮುಖ ನೋಡಿದರು. ನಾನು ಅಮ್ಮನ ಕೈ ಹಿಡಿದುಕೊಂಡು, ಗಂಗವ್ವನಿಗೆ ‘ಹೂಂ’ ಎಂದೆ.